ಹಾಡಿಯ ಬಿಂದುಗಳು ಹಳೆಯ ಟೋಪೋಶೀಟಿನ ಮೇಲೆ ಸರಿದು ಕಾಣುತ್ತಿವೆ (ಕ್ಯೂಜಿಐಎಸ್ ನಕ್ಷೆ ತಂತ್ರಾಂಶ)

ಪ್ರಶ್ನೆ, ತಿತಿಮತಿಯಿಂದ:
ನಾಗರಹೊಳೆ ಅಂಚಿನ ಹಾಡಿಯೊಂದರ (ಆದಿವಾಸಿ ನೆಲೆ) ಜೇನುಕುರುಬ ಹಿರಿಯರ ಜೊತೆ ನಡೆದು, ಅವರು ತೋರಿಸಿದ ಹಳೆಯ ಬಾವಿ, ಸಮಾಧಿ, ದೇವರ ನೆಲೆಗಳನ್ನು ಮೊಬೈಲ್ ಜಿಪಿಎಸ್‌ನಲ್ಲಿ ಗುರುತಿಸಿಕೊಂಡು, ಅಲ್ಲಿ ಅವರು ಹೇಳಿದ ಮಾತುಗಳ ಧ್ವನಿಮುದ್ರಣವನ್ನು ಆಯಾ ಬಿಂದುವಿಗೆ ಜೋಡಿಸಿದ್ದೇನೆ. ಉಪಗ್ರಹ ಚಿತ್ರದ ಮೇಲೆ ಎಲ್ಲವೂ ಸರಿಯಾಗಿ ಕೂರುತ್ತವೆ. ಸ್ಕ್ಯಾನ್ ಮಾಡಿದ ಹಳೆಯ ಟೋಪೋಶೀಟಿನ (ಸರ್ವೆ ಇಲಾಖೆಯ ಭೂಪಟದ ಹಾಳೆ) ಮೇಲೆ ಮಾತ್ರ ಎಲ್ಲವೂ ವಾಯವ್ಯಕ್ಕೆ ಸುಮಾರು 200 ಮೀಟರ್ ಸರಿದು, ಸಮಾಧಿಗಳು ತೋಡಿನ (ಸಣ್ಣ ಹಳ್ಳ) ಆಚೆ ಕಾಫಿ ತೋಟದೊಳಗೆ ಕಾಣುತ್ತವೆ. ಬಿಂದುಗಳನ್ನು ಕೈಯಿಂದ ಎಳೆದು ಕೂರಿಸಬಹುದೇ?

ಉತ್ತರ, ಮಡಿಕೇರಿಯಿಂದ:
ದಯವಿಟ್ಟು ಎಳೆಯಬೇಡಿ. ಜಿಪಿಎಸ್ ತಪ್ಪಾಗಿದ್ದರೆ ಬಿಂದುಗಳು ದಿಕ್ಕಿಗೊಂದರಂತೆ ಚದುರುತ್ತಿದ್ದವು. ಎಲ್ಲವೂ ಒಂದೇ ದಿಕ್ಕಿಗೆ ಒಂದೇ ದೂರ ಸರಿದಿರುವುದರಿಂದ ದೋಷ ಹಾಳೆಯನ್ನು ಕೂರಿಸಿದ ರೀತಿಯಲ್ಲಿದೆ. ಸರ್ವೆ ಆಫ್ ಇಂಡಿಯಾದ ಹಳೆಯ ಹಾಳೆಗಳ ಅಕ್ಷಾಂಶ, ರೇಖಾಂಶಗಳು ಎವರೆಸ್ಟ್ ಗೋಳಾಭವನ್ನು (ಭೂಮಿಯ ಆಕಾರದ ಹಳೆಯ ಗಣಿತ ಮಾದರಿ) ಆಧರಿಸಿದರೆ, ಮೊಬೈಲ್ ಡಬ್ಲ್ಯುಜಿಎಸ್ 84 ಎಂಬ ಬೇರೆ ಮಾದರಿಯನ್ನು ಬಳಸುತ್ತದೆ. ತಾವು ಬಹುಶಃ ಹಾಳೆಯ ಮೂಲೆಯ ಅಂಕಿಗಳನ್ನು ಕೊಟ್ಟು, ಇಪಿಎಸ್‌ಜಿ 4326 (ಡಬ್ಲ್ಯುಜಿಎಸ್ 84ರ ಸಂಕೇತ ಸಂಖ್ಯೆ) ಎಂದು ಆರಿಸಿದ್ದೀರಿ. ಜಿಯೊರೆಫರೆನ್ಸರ್‌ನಲ್ಲಿ (ಸ್ಕ್ಯಾನ್ ಹಾಳೆಯನ್ನು ನಕ್ಷೆಯ ಮೇಲೆ ಕೂರಿಸುವ ಸಾಧನ) ಅದೇ ಅಂಕಿಗಳಿಗೆ ಎವರೆಸ್ಟ್ ಆಧಾರಿತ ಕಲ್ಯಾಣಪುರ 1975, ಅಂದರೆ ಇಪಿಎಸ್‌ಜಿ 4146, ಆರಿಸಿ ಮತ್ತೆ ಕೂರಿಸಿ. ಬಳಿಕ ಹಳೆಯ ಸೇತುವೆಯೊಂದನ್ನು ಉಪಗ್ರಹ ಚಿತ್ರದೊಡನೆ ತಾಳೆ ನೋಡಿ.

ಇನ್ನೊಂದು ಮಾತು. 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳು ಬಾವಿ, ಸ್ಮಶಾನ, ಪವಿತ್ರ ಸ್ಥಳಗಳನ್ನೂ ಬರಹಕ್ಕಿಳಿಸಿದ ಹಿರಿಯರ ಹೇಳಿಕೆಯನ್ನೂ ಸಾಕ್ಷ್ಯವೆಂದು ಒಪ್ಪುತ್ತವೆ. ಕಾಗದಕ್ಕೆ ಹೊಂದಲೆಂದು ಸರಿಸಿದ ಬಿಂದು ಸಾಕ್ಷ್ಯವಾಗಿ ಉಳಿಯುವುದಿಲ್ಲ.

ಮರುಪ್ರಶ್ನೆ:
ಸರಿಹೋಯಿತು, ಸಮಾಧಿಗಳು ತೋಡಿನ ಈಚೆಗೆ ಬಂದವು. ಆದರೆ ಹಿರಿಯರು ಬಾಯಲ್ಲಷ್ಟೇ ಹೇಳಿದ, ಈಗ ಕಾಡಿನೊಳಗೆ ಹೋಗಿ ನೋಡಲಾಗದ ಹಳೆಯ ಹಾಡಿಗಳನ್ನು ಹೇಗೆ ತೋರಿಸಲಿ?

ಉತ್ತರ:
ಅವುಗಳಿಗೆ ಬಿಂದು ಹಾಕಬೇಡಿ. ಬಿಂದುವು ಇಲ್ಲದ ನಿಖರತೆಯನ್ನು ಇದೆಯೆಂದು ಸಾರುತ್ತದೆ. "ಹೊಳೆಯ ಬಲದಂಡೆ, ಗುಡ್ಡದ ಕೆಳಗೆ" ಎಂದವರಿದ್ದರೆ ಅಷ್ಟು ಪ್ರದೇಶವನ್ನು ಬಹುಭುಜವಾಗಿ ಬಿಡಿಸಿ, ಹೇಳಿದವರ ಮಾತನ್ನು ಅವರ ನುಡಿಯಲ್ಲೇ ಒಂದು ಕಾಲಂನಲ್ಲಿ, ನಿಮ್ಮ ಊಹೆಯನ್ನು ಬೇರೆ ಕಾಲಂನಲ್ಲಿ ಇಡಿ. ಇಬ್ಬರು ಹಿರಿಯರು ಬೇರೆ ಬೇರೆ ಜಾಗ ಹೇಳಿದರೆ ಎರಡನ್ನೂ ಬಿಡಿಸಿ. ಸರಾಸರಿ ತೆಗೆಯುವ ಆಸೆ ನನಗೂ ಒಮ್ಮೆ ಬಂದಿತ್ತು. ಜಾಲತಾಣಕ್ಕೆ ಹಾಕುವ ಪ್ರತಿಯಲ್ಲಿ ಜೇನು ಮರ, ದೇವರ ನೆಲೆಗಳ ನಿರ್ದೇಶಾಂಕವನ್ನು ಎರಡು ದಶಮಾಂಶಕ್ಕೆ ಇಳಿಸಿದರೆ ಸ್ಥಳವು ಸುಮಾರು ಒಂದು ಕಿಲೋಮೀಟರಿನಷ್ಟು ಮಸುಕಾಗುತ್ತದೆ. ಯಾವುದನ್ನು ಮಸುಕಾಗಿಸಬೇಕು, ಯಾವುದನ್ನು ತೋರಿಸಲೇಬಾರದು ಎಂಬುದನ್ನು ಹಾಡಿಯ ಗ್ರಾಮಸಭೆಯಲ್ಲಿ ನಕ್ಷೆ ಹರಡಿ ಕೇಳಿದ ಮೇಲೆಯೇ ತೀರ್ಮಾನಿಸಿ.