ಉದ್ಯಾನದ ಮೂಲೆಯ ಟಿಸಿ (ಟ್ರಾನ್ಸ್‌ಫಾರ್ಮರ್): ಈ ಸಲ ಬಿಡುವುದಿಲ್ಲ

ಮನೆ 27 (ರಾತ್ರಿ 1:52)
ಯಾರಾದರೂ ಎಚ್ಚರವಾಗಿದ್ದೀರಾ? ನಮ್ಮ ಫ್ರಿಜ್ ಹೋಯಿತು, ಟಿವಿ ಹೋಯಿತು, ಅಮ್ಮನ ನೆಬ್ಯುಲೈಸರ್‌ನಿಂದ ಹೊಗೆ ಬಂತು. ಬಲ್ಬುಗಳು ಕಣ್ಣು ಕುಕ್ಕುವಂತೆ ಉರಿದು ಒಂದೊಂದಾಗಿ ಸತ್ತವು. ಎದುರು ಮನೆಯಲ್ಲಿ ಅದೇ ಹೊತ್ತಿಗೆ ಫ್ಯಾನ್ ತಿರುಗಲಿಲ್ಲವಂತೆ. ಹೋದ ಮಳೆಗಾಲದಿಂದ ಬಾಯಿ ಬಡಿದುಕೊಳ್ಳುತ್ತಿದ್ದೇನೆ. ಸಂಘ ಇರುವುದು ಪಾಯಸ ಹಂಚುವುದಕ್ಕೆ ಮಾತ್ರವೇ?

ಮನೆ 41 (ಬೆಳಿಗ್ಗೆ 6:05)
ಎಲ್ಲಕ್ಕೂ ಮೂಲ 18ನೇ ನಂಬರಿನ ಪಿಜಿ. ಕೋಣೆಗೊಂದು ಗೀಸರ್ ಹಾಕಿದರೆ ಇನ್ನೇನಾಗುತ್ತದೆ? ನಾನು ಆಗಲೇ ಹೇಳಿದ್ದೆ.

ಮನೆ 12 (6:11)
ಶುಭೋದಯ. ನಗು ಮುಖವೇ ದೇವರ ಪ್ರಸಾದ 🌹🌹

ಮನೆ 18 (6:40)
ರಾತ್ರಿ ಎರಡು ಗಂಟೆಗೆ ಯಾರು ಸ್ನಾನ ಮಾಡುತ್ತಾರೆ ಸ್ವಾಮಿ? ನನ್ನ ಮಂಜೂರಾದ ಲೋಡ್ ಎಷ್ಟೆಂದು ಬಿಲ್ಲಿನಲ್ಲಿದೆ, ಬಂದು ನೋಡಿ.

ಮನೆ 9 (8:20)
ಲೈನ್‌ಮನ್ ಜೊತೆ ಹೋಗಿ ನೋಡಿ ಬಂದೆ. ಎರಡು ವಿಷಯಗಳನ್ನು ಕಲಸಬೇಡಿ. ಟಿವಿ ಸುಟ್ಟಿದ್ದು ಟಿಸಿಯ ನ್ಯೂಟ್ರಲ್ (ಕರೆಂಟ್ ಹಿಂದಿರುಗುವ ದಾರಿ) ಬೋಲ್ಟ್ ಸಡಿಲವಾಗಿದ್ದರಿಂದ. ನ್ಯೂಟ್ರಲ್ ಕೈಬಿಟ್ಟರೆ ಕಡಿಮೆ ಲೋಡಿನ ಫೇಸಿಗೆ (ಕರೆಂಟ್ ತರುವ ಮೂರು ತಂತಿಗಳಲ್ಲಿ ಒಂದು) 230ರ ಬದಲು 300 ವೋಲ್ಟ್ ಮೀರಿ ಬರಬಹುದು, ಹೆಚ್ಚು ಲೋಡಿನ ಫೇಸ್ ಮಂಕಾಗುತ್ತದೆ. ಅದನ್ನು ಬಿಗಿದಾಯಿತು. ನನಗೆ ಭಯವಾದದ್ದು ಬುಡ ನೋಡಿ. ಅರ್ಥಿಂಗ್ ಕುರಿತ ಭಾರತೀಯ ಮಾನಕ ಐಎಸ್ 3043 ಪ್ರಕಾರ ನ್ಯೂಟ್ರಲ್‌ಗೆ ಎರಡು, ಟ್ಯಾಂಕಿಗೆ (ಟಿಸಿಯ ಲೋಹದ ಹೊರಮೈ) ಎರಡು ಪ್ರತ್ಯೇಕ ಅರ್ಥಿಂಗ್, ಅಂದರೆ ನೆಲಕ್ಕೆ ಜೋಡಣೆ, ಇರಬೇಕು. ಅದರ ಲೋಹದ ಪಟ್ಟಿಗಳನ್ನೆಲ್ಲ ಯಾರೋ ಕತ್ತರಿಸಿ ಗುಜರಿಗೆ ಹಾಕಿದ್ದಾರೆ. ಉಳಿದಿರುವುದು 8 ಗೇಜಿನ ಒಂದು ಜಿಐ (ಸತು ಲೇಪಿಸಿದ ಕಬ್ಬಿಣ) ತಂತಿ.

ಮನೆ 33 (8:24)
ಒಂದೇ ತಂತಿಯ ಮೇಲೆ ಇಡೀ ಬಡಾವಣೆ. ನಮ್ಮ ಸಂಘವೂ ಕಾರ್ಯದರ್ಶಿಯೊಬ್ಬರ ಮೇಲೆಯೇ ನಿಂತಿದೆ 😀

ಮನೆ 41 (8:31)
ತಂತಿ ಇದೆಯಲ್ಲ, ಸಾಕು. ಅರ್ಥಿಂಗ್ ಪಿಟ್‌ಗೆ (ಗುಂಡಿಗೆ) ಒಂದು ಮೂಟೆ ಉಪ್ಪು, ಇದ್ದಿಲು ಸುರಿದು ನೀರು ಹಾಕಿಸೋಣ. ನನ್ನ ಭಾವಮೈದುನ ಎಲೆಕ್ಟ್ರಿಕಲ್ ಕಂಟ್ರಾಕ್ಟರ್.

ಮನೆ 9 (8:52)
ಉಪ್ಪು ಹಾಕಿದರೆ ಪಿಟ್‌ನ ರೋಧ ಇಳಿಯುತ್ತದೆ, ತಂತಿ ದಪ್ಪವಾಗುವುದಿಲ್ಲ. ಲೆಕ್ಕ ನೋಡಿ. ನಮ್ಮದು 250 ಕೆವಿಎ ಟಿಸಿ, 433 ವೋಲ್ಟಿಗೆ ಪೂರ್ಣ ಲೋಡಿನ ಕರೆಂಟ್ ಸುಮಾರು 333 ಆಂಪಿಯರ್. ಇಂಪಿಡೆನ್ಸ್ (ಟಿಸಿಯ ಒಳಗಿನ ತಡೆ) 4.5 ಶೇಕಡಾ ಎಂದು ಫಲಕದಲ್ಲಿದೆ. 333 ಭಾಗಿಸು 0.045, ಅಂದರೆ ಶಾರ್ಟ್ ಆದಾಗ ಹರಿಯುವ ದೋಷದ ಕರೆಂಟ್ 7400 ಆಂಪಿಯರ್. ಒಂದು ಸೆಕೆಂಡಿಗೆ ಜಿಐ ತಾಳುವುದು ಚದರ ಮಿಲಿಮೀಟರಿಗೆ 80 ಆಂಪಿಯರ್. ಹಾಗಾಗಿ ಕನಿಷ್ಠ 93 ಚದರ ಮಿ.ಮೀ. ಬೇಕು. 8 ಗೇಜ್ ತಂತಿ ಬರೀ 13 ಚದರ ಮಿ.ಮೀ., ಸಾವಿರ ಆಂಪಿಯರ್ ದಾಟಿದರೆ ಕರಗುವ ದಾರಿ ಹಿಡಿಯುತ್ತದೆ. 25×6 ಮಿ.ಮೀ. ಪಟ್ಟಿ 150 ಬರುತ್ತದೆ, ತುಕ್ಕಿಗೂ ಅವಕಾಶ ಉಳಿಯುತ್ತದೆ.

ಮನೆ 41 (8:58)
25×3 ಸಾಕೆಂದು ಭಾವಮೈದುನ ಹೇಳುತ್ತಿದ್ದಾನೆ.

ಮನೆ 9 (9:01)
75 ಗುಣಿಸು 80 ಎಷ್ಟಾಯಿತು ಎಂದು ಅವರನ್ನೇ ಕೇಳಿ.

ಮನೆ 6 (9:10)
ಸರ್, ಪಿಟ್‌ನ ರೋಧ 5 ಓಮ್ ಎಂದುಕೊಂಡರೂ 230 ವೋಲ್ಟಿಗೆ 46 ಆಂಪಿಯರ್ ತಾನೆ ಹರಿಯುವುದು? 7400 ಎಲ್ಲಿಂದ ಬಂತು?

ಮನೆ 9 (9:26)
ಒಳ್ಳೆಯ ಪ್ರಶ್ನೆ. ಮಣ್ಣಿನ ದಾರಿ ಮಾತ್ರ ಇದ್ದರೆ 46 ಆಂಪಿಯರೇ ಹರಿಯುತ್ತದೆ. ಅಷ್ಟಕ್ಕೆ ಇಲ್ಲಿನ ದಪ್ಪ ಫ್ಯೂಸ್ ಹಾರುವುದಿಲ್ಲ, ಟ್ಯಾಂಕ್ ಮತ್ತು ಬೇಲಿಯಲ್ಲಿ ಕರೆಂಟ್ ಹಾಗೇ ಕುಳಿತಿರುತ್ತದೆ. ಮಕ್ಕಳ ಚೆಂಡು ಹೋಗುವುದು ಅಲ್ಲಿಗೇ. ಅದಕ್ಕಾಗಿಯೇ ಟ್ಯಾಂಕನ್ನೂ ನ್ಯೂಟ್ರಲನ್ನೂ ಪಟ್ಟಿಯಿಂದ ಬೆಸೆಯುತ್ತಾರೆ. ಆಗ ಫೇಸ್ ಟ್ಯಾಂಕಿಗೆ ತಾಗಿದರೂ ಕರೆಂಟ್ ಲೋಹದ ದಾರಿಯಲ್ಲೇ ಹಿಂದಿರುಗಿ ಫ್ಯೂಸನ್ನು ಹಾರಿಸುತ್ತದೆ. ನನ್ನ ಲೆಕ್ಕ ಆ ದಾರಿಗೆ.

ಮನೆ 41 (9:29)
ಹಾಗಾದರೆ ತಾಮ್ರವನ್ನೇ ಹಾಕಿಸೋಣ, ಮನೆಗೆ 500 ರೂಪಾಯಿ.

ಮನೆ 9 (9:33)
ತಾಮ್ರವಾದರೆ 36 ಚದರ ಮಿ.ಮೀ. ಸಾಕು, ಆದರೆ ಒಂದು ವಾರವೂ ಅಲ್ಲಿ ಉಳಿಯುವುದಿಲ್ಲ. ಅಲ್ಲದೆ ಟಿಸಿ ವಿದ್ಯುತ್ ಕಂಪನಿಯದು, ನಾವು ಕೈ ಹಾಕುವಂತಿಲ್ಲ. ಶಾಖಾಧಿಕಾರಿಗೆ ಅರ್ಜಿ ಬರೆದಿದ್ದೇನೆ, ಸಹಿ ಬೇಕು.

ಮನೆ 12 (9:35)
ಫಾರ್ವರ್ಡ್: ಫ್ರಿಜ್ ಮೇಲೆ ನಿಂಬೆಹಣ್ಣು ಇಟ್ಟರೆ ಕರೆಂಟ್ ಬಿಲ್ ಅರ್ಧ!

ಮನೆ 27 (9:36)
ಇಡುವುದಕ್ಕೆ ಫ್ರಿಜ್ಜೇ ಉಳಿದಿಲ್ಲ ಮೇಡಂ.

ಕಾರ್ಯದರ್ಶಿ (10:15)
ಅರ್ಜಿ ನನ್ನ ಮನೆಯಲ್ಲಿದೆ, ಬಂದು ಸಹಿ ಮಾಡಿ. ಒಂದು ತೊಡಕು. ಪಿಟ್ ಅಗೆಯಬೇಕೆಂದರೆ ಅದರ ಮೇಲೆ ನಿಂತಿರುವ ಬಿಳಿ ಕಾರು ತೆಗೆಯಬೇಕು. ಯಾರದ್ದು?

ಮನೆ 18 (10:18)
41ರವರದ್ದು.

ಮನೆ 41 (10:20)
ರಸ್ತೆ ಯಾರಪ್ಪನದ್ದೂ ಅಲ್ಲ! ಪಿಜಿಯ ಬೈಕುಗಳು ನನ್ನ ಗೇಟಿಗೆ ಅಡ್ಡ ನಿಂತಾಗ ಈ ಸಂಘ ಎಲ್ಲಿತ್ತು?

ಮನೆ 22 (10:24)
ಪಾರ್ಕಿಂಗ್ ಬಗ್ಗೆ ನನ್ನದೂ ಇದೆ. ಉದ್ಯಾನದ ಗೇಟಿನಲ್ಲಿ ನೀರಿನ ಟ್ಯಾಂಕರ್ ದಿನವೂ ನಿಲ್ಲುತ್ತದೆ.

ಮನೆ 33 (10:26)
ಟ್ಯಾಂಕರ್‌ಗೂ ಎರಡು ಅರ್ಥಿಂಗ್ ಬೇಕೇ ಸರ್?

ಕಾರ್ಯದರ್ಶಿ (11:40)
ಭಾನುವಾರ 10 ಗಂಟೆಗೆ ಉದ್ಯಾನದಲ್ಲಿ ಸಭೆ. ವಿಷಯ: ಪಾರ್ಕಿಂಗ್ ನಿಯಮ, ಬೈಕುಗಳು, ಟ್ಯಾಂಕರ್. ಸಮಯವಿದ್ದರೆ ಟಿಸಿ.

ಮನೆ 9 (11:44)
ಅರ್ಜಿಗೆ ಈವರೆಗೆ ಬಂದಿರುವುದು ಎರಡೇ ಸಹಿ, ನನ್ನದೂ 27ರವರದ್ದೂ.

ಮನೆ 41 (11:46)
ಸಭೆಯನ್ನು 11ಕ್ಕೆ ಇಡಿ. 10ಕ್ಕೆ ಕಾರು ತೊಳೆಯುವವನು ಬರುತ್ತಾನೆ.