ಕೂಡುಕುಟುಂಬ, ಅವಿಭಕ್ತ ಕುಟುಂಬ: ಎರಡೂ ಒಂದೇನಾ?

‘ಎಕ್ಸ್‌ಟೆಂಡೆಡ್ ಫ್ಯಾಮಿಲಿ’ಗೆ (ಗಂಡ ಹೆಂಡತಿ ಮಕ್ಕಳ ಜತೆ ಬೇರೆ ನೆಂಟರೂ ಸೇರಿದ ಕುಟುಂಬಕ್ಕೆ) ಅನುವಾದಗಳಲ್ಲಿ ಸುಮ್ನೆ ‘ಅವಿಭಕ್ತ ಕುಟುಂಬ’ ಎಂದು ಹಾಕಿಬಿಡುತ್ತಾರೆ. ನನಗೆ ಇದು ಒಪ್ಪಿಗೆಯಿಲ್ಲ. ಅವಿಭಕ್ತ ಅಂದರೆ ಪಾಲಾಗದ್ದು. ಅದು ಆಸ್ತಿಯ ಮಾತು. ಅಣ್ಣ ಊರಲ್ಲಿ, ತಮ್ಮ ಬೆಂಗಳೂರಲ್ಲಿ ಬೇರೆ ಬೇರೆ ಅಡುಗೆ ಮಾಡಿಕೊಂಡಿದ್ದರೂ, ಪಿತ್ರಾರ್ಜಿತ ಜಮೀನು ಪಾಲಾಗದಿದ್ದರೆ ಕಾನೂನಿಗೆ ಅವರು ಅವಿಭಕ್ತರೇ. ಅದೇ ಇನ್ನೊಂದು ಮನೆ ನೋಡಿ. ಗಂಡ ತೀರಿಕೊಂಡ ಸೋದರತ್ತೆ ಇದ್ದಾರೆ, ಕಾಲೇಜಿಗೆ ಅಂತ ಬಂದ ತಂಗಿಯ ಮಗ ಇದ್ದಾನೆ, ಹೆಂಡತಿಯ ತಾಯಿಯೂ ಇದ್ದಾರೆ. ಎಲ್ಲರಿಗೂ ಒಂದೇ ಪಾತ್ರೆಯ ಸಾರು. ಅಲ್ಲಿ ಪಾಲಿನ ಮಾತೇ ಇಲ್ಲ. ಅದನ್ನು ಅವಿಭಕ್ತ ಅನ್ನುವುದು ಹೇಗೆ?

‘ಕೂಡುಕುಟುಂಬ’ ವಾಸಿ. ಜನರ ಮಾತಿಗೆ ಹತ್ತಿರ. ಧಾರವಾಡದ ಕಡೆ ‘ನಾವಿನ್ನೂ ಕೂಡೇ ಅದೀವಿ’, ‘ಅವ್ರು ಬ್ಯಾರೆ ಆಗ್ಯಾರ’ ಅನ್ನುತ್ತಾರೆ. ಒಲೆ ಬೇರೆಯಾದರೆ ಮನೆ ಬೇರೆಯಾದಂತೆ. ಜನಗಣತಿಯವರೂ ಲೆಕ್ಕ ಹಿಡಿಯುವುದು ಅಡುಗೆಮನೆಯಿಂದಲೇ: ಒಟ್ಟಿಗೆ ಇದ್ದು ಒಂದೇ ಅಡುಗೆ ಉಣ್ಣುವವರು ಒಂದು ಮನೆಯವರು, ನೆಂಟಸ್ತಿಕೆ ಇದ್ದರೂ ಇಲ್ಲದಿದ್ದರೂ. ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆಯವರು 1953ರಲ್ಲಿ ಕೂಡುಕುಟುಂಬವನ್ನು ವಿವರಿಸುವಾಗ ಒಂದೇ ಸೂರು, ಒಂದೇ ಒಲೆ, ಒಟ್ಟು ಆಸ್ತಿ, ಒಟ್ಟು ಪೂಜೆ ಎಲ್ಲವನ್ನೂ ಸೇರಿಸಿದ್ದರು. ನಮ್ಮ ‘ಅವಿಭಕ್ತ’ ಅದರಲ್ಲಿ ಆಸ್ತಿಯೊಂದನ್ನೇ ಹಿಡಿದುಕೊಂಡಿದೆ.

‘ಕುಟುಂಬ’ ಅನ್ನುವುದಕ್ಕೂ ಎಲ್ಲ ಕಡೆ ಒಂದೇ ಅರ್ಥವಿಲ್ಲ. ಹಳೇ ಮೈಸೂರಿನ ಹಿರಿಯರು ‘ನಮ್ಮ ಕುಟುಂಬ’ ಅಂದರೆ ಎಷ್ಟೋ ಸಲ ಹೆಂಡತಿ ಅಂತಲೇ ಅರ್ಥ. ತುಳುನಾಡಿನ ಅಳಿಯಸಂತಾನ ಪದ್ಧತಿಯಲ್ಲಿ ಕುಟುಂಬ ತಾಯಿಯ ಕಡೆಯಿಂದ ಇಳಿದು ಬರುತ್ತದೆ. ಗಂಡ ಹೆಂಡತಿಯ ಕುಟುಂಬದವನಲ್ಲ, ತನ್ನ ತಾಯಿಯ ಕುಟುಂಬದವನು. ಒಬ್ಬ ಹೆಂಗಸು, ಅವಳ ಮಕ್ಕಳು, ಹೆಣ್ಣುಮಕ್ಕಳ ಮಕ್ಕಳು ಸೇರಿದ ಕವಲಿಗೆ ‘ಕವರು’ ಎಂಬ ಮಾತಿದೆ. 1949ರ ಮದರಾಸು ಅಳಿಯಸಂತಾನ ಕಾಯಿದೆಯಲ್ಲೂ ಅದೇ ಪದ. ಕೊಡಗಿನ ‘ಒಕ್ಕ’ (ಮನೆತನ) ತಂದೆಯ ಕಡೆಯದು. ಒಕ್ಕದವರು ಮೈಸೂರು, ಬೆಂಗಳೂರು ಸೇರಿದ್ದರೂ ಮೂಲಮನೆಯಾದ ಐನ್‌ಮನೆ ಎಲ್ಲರದು.

ಹಾಗಾಗಿ ಆಸ್ತಿ ವಿಚಾರಕ್ಕೆ ಅವಿಭಕ್ತ ಕುಟುಂಬ, ಕೂಡಿ ಬಾಳುವ ಮನೆಗೆ ಕೂಡುಕುಟುಂಬ ಎಂದು ಬೇರೆ ಮಾಡಿ ಬಳಸೋಣ ಎನ್ನುವುದು ನನ್ನ ಅಭಿಪ್ರಾಯ. ಇನ್ನೊಂದು ಮಾತು ಸಿಗಬೇಕಿದೆ. ಪಾಲಿಲ್ಲದೆ ಮನೆಯಲ್ಲೇ ಇರುವ ನೆಂಟರನ್ನು ಬರಹದಲ್ಲಿ ‘ಆಶ್ರಿತರು’ ಎನ್ನುತ್ತಾರೆ. ಮನೆಯ ಬಾಣಂತನಗಳನ್ನೆಲ್ಲ ಮಾಡಿ, ಮಕ್ಕಳನ್ನು ಎತ್ತಿ ಆಡಿಸಿದ ಸೋದರತ್ತೆಯನ್ನು ಹಾಗೆ ಕರೆಯಲು ಮನಸ್ಸು ಬರುವುದಿಲ್ಲ. ನಿಮ್ಮ ಕಡೆ ಇಂಥವರಿಗೆ ಏನನ್ನುತ್ತಾರೆ? ಊರಿನ ಹೆಸರು ಸಮೇತ ತಿಳಿಸಿ.