ಲಾಗೆ ಮೊದಲು ಯಾವ ಡಿಗ್ರಿ?

ತುಮಕೂರಿನ ಅಪ್ಪ: ಮಗಳು ಸೆಕೆಂಡ್ ಪಿಯು ಸೈನ್ಸ್. ವಕೀಲೆ ಆಗಬೇಕಂತೆ. ಆದರೆ ಐದು ವರ್ಷದ ಲಾ ಕೋರ್ಸ್ ಬೇಡ, ಮೊದಲು ಡಿಗ್ರಿ ಅಂತ ಹಟ. ಬಿ.ಎ. ಮಾಡಿದರೇ ಒಳ್ಳೆಯದು ಅಂತಾರೆ ನೆಂಟರು. ಹೌದಾ?

ಹುಬ್ಬಳ್ಳಿ ವಕೀಲ: ಮೂರು ವರ್ಷದ ಎಲ್‌ಎಲ್‌ಬಿಗೆ ಯಾವ ಡಿಗ್ರಿಯಾದರೂ ನಡೆಯುತ್ತದೆ ಸರ್. ಜನರಲ್‌ನವರಿಗೆ ಶೇ. 45 ಅಂಕ ಇರಬೇಕು, ಅಷ್ಟೇ. ನನ್ನ ಮತ ಬಿ.ಕಾಂ.ಗೆ. ಚೆಕ್ ಬೌನ್ಸ್, ಪಾಲುದಾರರ ಜಗಳ, ಜಿಎಸ್‌ಟಿ ನೋಟಿಸ್, ನಮ್ಮಲ್ಲಿ ಇವೇ ಜಾಸ್ತಿ. ಲೆಡ್ಜರ್ ಓದಲು ಬಾರದ ವಕೀಲ ಆಡಿಟರ್ ಮುಖ ನೋಡುತ್ತಾ ಕೂರಬೇಕು.

ಇತಿಹಾಸದ ಮೇಷ್ಟ್ರು: ಲೆಕ್ಕ ಆಮೇಲೂ ಕಲಿಯಬಹುದು. ಓದುವ ಅಭ್ಯಾಸ? ಸುಪ್ರೀಂ ಕೋರ್ಟಿನ 1973ರ ಕೇಶವಾನಂದ ಭಾರತಿ ತೀರ್ಪು 700 ಪುಟಕ್ಕೂ ಜಾಸ್ತಿ. (ಅರ್ಜಿದಾರರು ನಮ್ಮ ಎಡನೀರು ಮಠದ ಸ್ವಾಮೀಜಿ, ಗೊತ್ತಲ್ವಾ?) ಅಷ್ಟರಲ್ಲಿ ಬೇಕಾದ ನಾಲ್ಕು ಸಾಲು ಹೆಕ್ಕುವುದು ಇತಿಹಾಸ, ರಾಜ್ಯಶಾಸ್ತ್ರ ಓದಿದವರಿಗೆ ರೂಢಿ.

ಪೇಟೆಂಟ್ ಮೇಡಂ: ಸೈನ್ಸ್ ಹುಡುಗಿಯನ್ನು ಸುಮ್ನೆ ಯಾಕೆ ಬಿ.ಎ.ಗೆ ತಳ್ಳುತ್ತೀರಿ? ಪೇಟೆಂಟ್ ಏಜೆಂಟ್ (ಹೊಸ ಆವಿಷ್ಕಾರದ ಹಕ್ಕಿಗೆ ಬೇರೆಯವರ ಪರವಾಗಿ ಅರ್ಜಿ ಹಾಕುವವರು) ಪರೀಕ್ಷೆಗೆ ಸೈನ್ಸ್ ಅಥವಾ ಎಂಜಿನಿಯರಿಂಗ್ ಡಿಗ್ರಿ ಬೇಕೇ ಬೇಕು. ಬಿ.ಎ. ಜೊತೆ ಲಾ ಮಾಡಿದವರಿಗೆ ಆ ಬಾಗಿಲೇ ಇಲ್ಲ. ಬಿ.ಎಸ್ಸಿ. ಮಾಡಿ ಲಾಗೆ ಬಂದರೆ ಎರಡೂ ಕಡೆ ದಾರಿ ಇರುತ್ತದೆ.

ಹುಬ್ಬಳ್ಳಿ ವಕೀಲ: ಪೇಟೆಂಟ್ ದಾವೆಯನ್ನು ಜಿಲ್ಲಾ ಕೋರ್ಟಿಗಿಂತ ಕೆಳಗೆ ಹಾಕುವ ಹಾಗೇ ಇಲ್ಲ. ತಾಲೂಕಿನಲ್ಲಿ ಅವಳು ಏನು ಮಾಡಬೇಕು?

ಪೇಟೆಂಟ್ ಮೇಡಂ: ತಾಲೂಕಿನಲ್ಲೇ ಇರುತ್ತಾಳೆ ಅಂತ ಹೇಳಿದವರು ಯಾರು?

ಲಾ ವಿದ್ಯಾರ್ಥಿನಿ: ಅಂಕಲ್, ಪಿಯು ಆದಮೇಲೆ ನೇರ ಬಂದರೆ ಐದು ವರ್ಷ, ಡಿಗ್ರಿ ಮಾಡಿ ಬಂದರೆ ಕನಿಷ್ಠ ಆರು. ಜಡ್ಜ್ ಆಗುವ ಆಸೆ ಇದ್ದರೆ ಇನ್ನೂ ಮೂರು ಸೇರಿಸಿ. ಸಿವಿಲ್ ಜಡ್ಜ್ ಪರೀಕ್ಷೆಗೆ ಅಷ್ಟು ವರ್ಷದ ವಕೀಲಿಕೆ ಬೇಕೆಂದು 2025ರ ಮೇನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಡಿಗ್ರಿ ಮಾಡಿದರೆ ನ್ಯಾಷನಲ್ ಲಾ ಸ್ಕೂಲ್ ತಪ್ಪಿತು ಅಂತಲ್ಲ. ಬೆಂಗಳೂರು ನಾಗರಬಾವಿಯ ಆ ಸ್ಕೂಲ್‌ನಲ್ಲಿ 2022ರಿಂದ ಮೂರು ವರ್ಷದ ಎಲ್‌ಎಲ್‌ಬಿಯೂ ಇದೆ. ಅದಕ್ಕೆ ಕ್ಲ್ಯಾಟ್ (ರಾಷ್ಟ್ರೀಯ ಕಾನೂನು ವಿವಿಗಳ ಸಾಮಾನ್ಯ ಪ್ರವೇಶ ಪರೀಕ್ಷೆ) ಅಲ್ಲ, ಅವರದೇ ಪರೀಕ್ಷೆ.

ತುಮಕೂರಿನ ಅಪ್ಪ: ಎಲ್ಲ ಓದಿಸಿದೆ. ಕೆಮಿಸ್ಟ್ರಿ ಇಷ್ಟವಂತೆ, ಬಿ.ಎಸ್ಸಿ.ನೇ ಅಂತೆ.

ಇತಿಹಾಸದ ಮೇಷ್ಟ್ರು: ಆಗಲಿ. ಭಾಷೆಗೆ ಕನ್ನಡ ತಗೊಳ್ಳಲಿ. ನಮ್ಮ ಸಿವಿಲ್ ಜಡ್ಜ್ ಮೇನ್ಸ್‌ನಲ್ಲಿ ಅನುವಾದದ ಪತ್ರಿಕೆಯೇ ಇದೆ.

ತುಮಕೂರಿನ ಅಪ್ಪ: ಪಿಯುನಲ್ಲಿ ಸಂಸ್ಕೃತ ತಗೊಂಡಿದ್ದಾಳೆ ಸರ್. ನೂರಕ್ಕೆ ನೂರು ಬರುತ್ತೆ ಅಂತ.

ಹುಬ್ಬಳ್ಳಿ ವಕೀಲ: ಸಾಕ್ಷಿ ಸಂಸ್ಕೃತದಲ್ಲಿ ಮಾತಾಡಲ್ಲ ಸರ್. ಡಿಗ್ರಿಯಲ್ಲಿ ಬದಲಾಯಿಸಿ.